ಗೋಪಾಲಪ್ಪನವರು ಖುದ್ದು ಹಾಜರಾಗಬೇಕು

"ಈ ನೋಟಿಸ್ ಅಂಟಿಸಿದ್ದು ಯಾರು?"

ಓದುವ ಕೋಣೆಯಲ್ಲಿದ್ದ ಹದಿನಾರು ಜನರೂ ಒಟ್ಟಿಗೆ ತಲೆ ಎತ್ತಿದರು.

ಬಾಗಿಲಲ್ಲಿ ನಿಂತವನ ಮುಷ್ಟಿಯಲ್ಲಿ ಹಾಳೆಯೊಂದು ಮುದುಡಿಕೊಂಡಿತ್ತು. ಫಲಕದಿಂದ ಕಿತ್ತ ರಭಸಕ್ಕೆ ಅದರ ಒಂದು ಮೂಲೆ ಹರಿದುಹೋಗಿತ್ತು. ಅಂಗಿಯ ಮೇಲೆ ಲೇತ್ ಯಂತ್ರದ ಎಣ್ಣೆಯ ಕಲೆ. ಕಣ್ಣಲ್ಲಿ ಕೆಂಡ.

"ನಾನು," ಎಂದಳು ದೀಪಶ್ರೀ, ಮೇಜಿನ ಹಿಂದಿನಿಂದ ಏಳದೆ. "ದನಿ ತಗ್ಗಿಸಿ. ಇದು ಲೈಬ್ರರಿ."

"ಲೈಬ್ರರಿ ಅಂತ ನನಗೆ ಹೇಳ್ಕೊಡ್ತೀರಾ? ನೀವು ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?"

"ಆರು ದಿನ."

"ಆರೇ ದಿನಕ್ಕೆ ಅರವತ್ತೊಂದು ಜನರ ಕಾರ್ಡು ಕಿತ್ಕೊಂಡ್ರಾ!"

"ಕಿತ್ಕೊಂಡಿಲ್ಲ. ತಡೆ ಹಿಡಿದಿದ್ದೀನಿ. ಎರಡಕ್ಕೂ ವ್ಯತ್ಯಾಸ ಇದೆ."

'ಎಂಥ ದರ್ಪ! ಊರೆಲ್ಲ ತನ್ನದೇ ಅನ್ನೋ ಹಾಗೆ ನಿಂತಿದ್ದಾನೆ...' ಎಂದುಕೊಂಡಳು ಅವಳು.

'ಎಂಥ ಹೆಂಗಸು! ಮುಖದಲ್ಲಿ ಒಂದು ಗೆರೆ ಅಲುಗಲ್ಲ...' ಎಂದುಕೊಂಡ ಅವನು.

ರಾಜಗೋಪಾಲನಗರದ ಈ ಶಾಖಾ ಗ್ರಂಥಾಲಯಕ್ಕೆ ವರ್ಗವಾಗಿ ಬಂದ ದೀಪಶ್ರೀ ಮೊದಲು ಮಾಡಿದ ಕೆಲಸ, ಎಲ್ಲ 231 ಸದಸ್ಯತ್ವ ಅರ್ಜಿಗಳನ್ನೂ ಒಂದೊಂದಾಗಿ ಓದಿದ್ದು. ಪುಸ್ತಕ ಮನೆಗೆ ಒಯ್ಯಬೇಕಾದರೆ ಅರ್ಜಿಯಲ್ಲಿ ಒಬ್ಬರ ಜಾಮೀನು ಬೇಕು. ಆಸ್ತಿ ತೆರಿಗೆ ಕಟ್ಟುವವರು ಅಥವಾ ಕಾಯಂ ಸರ್ಕಾರಿ ನೌಕರರು ಸಹಿ ಹಾಕಬೇಕು. ಓದುಗ ಪುಸ್ತಕದ ಸಮೇತ ನಾಪತ್ತೆಯಾದರೆ ಆ ಸಹಿ ಹಾಕಿದವರೇ ಹೊಣೆ.

ಅರವತ್ತೊಂದು ಅರ್ಜಿಗಳಲ್ಲಿ ಒಂದೇ ವಿಳಾಸ ಇತ್ತು: ಗೋಪಾಲಪ್ಪ ಬಿಲ್ಡಿಂಗ್, ಮೂರನೇ ಅಡ್ಡರಸ್ತೆ. ಜಾಮೀನುದಾರರೂ ಒಬ್ಬರೇ: ಗೋಪಾಲಪ್ಪ. ಆದರೆ ಸಹಿ ಎರಡು ಬಗೆಯದು. ಕೆಲವು, ಆಗಷ್ಟೇ ಅಕ್ಷರ ಕಲಿತವರು ಬರೆದಂತೆ ದಪ್ಪಗೆ, ಬಿಡಿಬಿಡಿಯಾಗಿ. ಉಳಿದವು ಸಲೀಸಾಗಿ ಎಳೆದವು.

ನಗರದ ಇನ್ನೊಂದು ತುದಿಯ ಶಾಖೆಯಲ್ಲಿ ಅವಳು ಹೀಗೆಯೇ ಒಮ್ಮೆ ಮೋಸಹೋಗಿದ್ದಳು. ಸುಳ್ಳು ವಿಳಾಸಗಳು, ಬಾರದ ನಲವತ್ತಾರು ಪುಸ್ತಕ, ಅವಳ ಮೇಲೆ ವಿಚಾರಣೆ. ಆಮೇಲೆ ಈ ವರ್ಗಾವಣೆ. ಆದ್ದರಿಂದಲೇ ಆ ನೋಟಿಸು: 'ಜಾಮೀನುದಾರರಾದ ಗೋಪಾಲಪ್ಪನವರು ಖುದ್ದು ಹಾಜರಾಗಿ ಸಹಿ ದೃಢಪಡಿಸುವವರೆಗೆ ಕೆಳಕಂಡ 61 ಕಾರ್ಡುಗಳಿಗೆ ಪುಸ್ತಕ ನೀಡಲಾಗುವುದಿಲ್ಲ.'

"ನಿಮ್ಮ ಹೆಸರು?" ಎಂದು ಕೇಳಿದಳು.

"ಮುನಿಕೃಷ್ಣ. ಗೋಪಾಲಪ್ಪನವರ ಮಗ."

"ಒಳ್ಳೇದಾಯ್ತು. ನಿಮ್ಮ ತಂದೆಯವರನ್ನ ಕರ್ಕೊಂಡು ಬನ್ನಿ. ಐದು ನಿಮಿಷದ ಕೆಲಸ."

"ಅವರು ಬರಲ್ಲ."

"ಯಾಕೆ? ಲೈಬ್ರರಿಗೆ ಬರೋಕೆ ಆಗದಷ್ಟು ದೊಡ್ಡ ಮನುಷ್ಯರಾ?"

ಕೋಣೆಯಲ್ಲಿ ಪತ್ರಿಕೆಯ ಹಾಳೆ ಮಗುಚುವ ಸದ್ದೂ ನಿಂತುಹೋಯಿತು. ಅಟೆಂಡರ್ ಬಸು ಮೇಜಿನ ಮೇಲಿದ್ದ ರಬ್ಬರ್ ಸ್ಟ್ಯಾಂಪನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟ. ಐವತ್ತೈದರ ಆಸುಪಾಸಿನ ಆತ ಈ ಶಾಖೆಯಲ್ಲಿ ಹತ್ತು ವರ್ಷದಿಂದ ಇದ್ದ. ಅವನಿಗೆ ಎಲ್ಲ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಮುನಿಕೃಷ್ಣ ಅವಳನ್ನೇ ದಿಟ್ಟಿಸಿ ನೋಡಿದ.

"ಹೌದು ಮೇಡಂ. ತುಂಬಾ ದೊಡ್ಡ ಮನುಷ್ಯರು."

ನೋಟಿಸನ್ನು ಅವಳ ಮೇಜಿನ ಮೇಲೆ ಬಿಸಾಡಿ ಹೊರಟುಹೋದ.

*

ಮರುದಿನ, ಗುರುವಾರ ಬೆಳಗ್ಗೆ ಹತ್ತೂವರೆಗೆ, ಅರವತ್ತು ದಾಟಿದ ಹೆಂಗಸೊಬ್ಬರು ಬಂದರು. ಸೆರಗಿನಲ್ಲಿ ಏನನ್ನೋ ಸುತ್ತಿ ಎದೆಗೆ ಅವಚಿಕೊಂಡಿದ್ದರು. ಓದುತ್ತ ಕೂತಿದ್ದವರೆಲ್ಲ ಎದ್ದು ನಿಂತರು.

"ನೀನೇನವ್ವ ಹೊಸ ಮೇಡಂ?"

"ಹೌದಮ್ಮ. ಕೂತ್ಕೊಳ್ಳಿ. ಏನಾಗಬೇಕಿತ್ತು?"

"ನಮ್ ಯಜಮಾನ್ರನ್ನ ಕರ್ದಿದ್ಯಂತೆ. ಖುದ್ದು ಬರ್ಬೇಕು ಅಂತ ಬೋರ್ಡಿಗೆ ಆಕಿದ್ಯಂತೆ. ಕರ್ಕೊಂಡು ಬಂದಿವ್ನಿ."

ಸೆರಗು ಬಿಡಿಸಿ, ಕಟ್ಟು ಹಾಕಿಸಿದ ಫೋಟೋವನ್ನು ಮೇಜಿನ ಮೇಲೆ ನಿಲ್ಲಿಸಿದರು. ಅದಕ್ಕೆ ಬಾಡಿದ ಕನಕಾಂಬರದ ಹಾರ. ಕೆಳಗೆ ಎರಡು ದಿನಾಂಕ. ಎರಡನೆಯದಕ್ಕೆ ಇಂದಿಗೆ ಹದಿನಾಲ್ಕು ತಿಂಗಳು.

ದೀಪಶ್ರೀ ಆ ದಿನಾಂಕವನ್ನು ಮತ್ತೊಮ್ಮೆ ಓದಿದಳು.

'ಅಯ್ಯೋ ದೇವರೇ... ನಾನು ಏನು ಬರೆದುಬಿಟ್ಟೆ! ಯಾರನ್ನೂ ಒಂದು ಮಾತು ಕೇಳಲಿಲ್ಲವಲ್ಲ...'

"ಅಮ್ಮ... ನನಗೆ ಗೊತ್ತಿರಲಿಲ್ಲ..."

"ಗೊತ್ತಿಲ್ದಿದ್ರೆ ಕೇಳ್ಬೇಕವ್ವ. ಬಾಯಿ ಐತಲ್ಲ?" ಗೋಪಾಲಪ್ಪನವರ ಹೆಂಡತಿ ನಾಗಲಕ್ಷ್ಮಮ್ಮನ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅವಳಿಗೆ. "ಇವ್ರಿಗೆ ಓದು ಬತ್ತಿರ್ಲಿಲ್ಲ. ಜಮೀನು ಫ್ಯಾಕ್ಟ್ರಿಗೆ ಓಯ್ತು, ಬಂದ ದುಡ್ಡಲ್ಲಿ ಬಿಲ್ಡಿಂಗ್ ಕಟ್ಟಿದ್ರು, ಆಮೇಲೆ ಅದೇ ಫ್ಯಾಕ್ಟ್ರಿ ಗೇಟಲ್ಲಿ ವಾಚ್‌ಮನ್ನಾದ್ರು. ಗೇಟ್ ಬುಕ್ಕಲ್ಲಿ ಎಬ್ಬೆಟ್ಟು ಒತ್ತೋಕೆ ನಾಚ್ಕೆ ಆಯ್ತದೆ ಅಂತಾ, ಐವತ್ತು ವರ್ಸ ಆದ್ಮೇಕೆ ಇಲ್ಲಿಗೆ ಬಂದು ಆ ಕಿಟಕಿ ತಾವ ಕುಂತ್ಕಂಡು, ನಮ್ ಬಾಡ್ಗೆ ಉಡುಗ್ರತ್ರ ಅಕ್ಸರ ಕಲ್ತ್ರು. ಕಲಿಸ್ದೋರಿಗೆಲ್ಲ ಜಾಮೀನು ಆಕ್ತೀನಿ ಅಂದ್ರು. ಆಕಿದ್ರು. ಇನ್ನೇನ್ ಕೇಳ್ಬೇಕು ಅವ್ರನ್ನ? ಕೇಳು."

ದೀಪಶ್ರೀ ಎದ್ದು ನಿಂತು ಕೈ ಮುಗಿದಳು.

ನಾಗಲಕ್ಷ್ಮಮ್ಮ ಫೋಟೋವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ನಿಧಾನಕ್ಕೆ ಮೆಟ್ಟಿಲಿಳಿದರು. ದೀಪಶ್ರೀ ಬಸುವಿನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತು."

"ಮೇಡಂ... ಹಳೇ ಮೇಡಂಗೂ ಗೊತ್ತಿತ್ತು."

"ಹಾಗಿದ್ರೆ ಹದಿನಾಲ್ಕು ತಿಂಗಳ ಈಚೆಗೆ ಈ ಅರ್ಜಿಗಳಿಗೆ ಸಹಿ ಹಾಕಿದ್ದು ಯಾರು?"

ಬಸು ಕಪಾಟಿನ ಪುಸ್ತಕ ಜೋಡಿಸಲು ಹೊರಟ.

*

ಮುನಿಕೃಷ್ಣನ ವರ್ಕ್‌ಶಾಪ್ ಪೀಣ್ಯದ ಕಡೆಯ ಅಡ್ಡರಸ್ತೆಯಲ್ಲಿತ್ತು. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಒಬ್ಬ ಆಪರೇಟರ್. ಮಧ್ಯಾಹ್ನ ದೀಪಶ್ರೀ ಅಲ್ಲಿಗೆ ಹೋದಾಗ ಅವನು ಮೆಷಿನ್ ನಿಲ್ಲಿಸಲಿಲ್ಲ.

"ಸಾರಿ ಕೇಳೋಕೆ ಬಂದ್ರಾ?" ಎಂದು ಕಿರುಚಿದ, ಆ ಸದ್ದಿನ ಮೇಲೆ.

"ಹೌದು! ಆ ನೋಟಿಸ್ ತೆಗೆದಿದ್ದೀನಿ. ಅದು ನನ್ನ ತಪ್ಪು."

ಅವನು ಮೆಷಿನ್ ಆರಿಸಿದ.

"ಸರಿ. ಕೇಳಿ ಆಯ್ತಲ್ಲ? ಹೊರಡಿ."

"ಇನ್ನೊಂದು ವಿಷಯ ಇದೆ. ಇಪ್ಪತ್ತಮೂರು ಅರ್ಜಿಗಳ ಮೇಲಿರೋ ಸಹಿ ನಿಮ್ಮ ತಂದೆಯವರು ಹೋದ ಮೇಲಿನದು. ಯಾರು ಹಾಕಿದ್ದು?"

ಅವನು ನಕ್ಕ. ಆ ನಗುವಿನಲ್ಲಿ ಸಂತೋಷದ ಚೂರೂ ಇರಲಿಲ್ಲ.

"ಸಾರಿ ಕೇಳೋಕೆ ಬಂದವರು ಇಷ್ಟು ಬೇಗ ಪೊಲೀಸ್ ಆಗ್ಬಿಟ್ರಾ? ನಾನೇ ಹಾಕ್ದೆ. ನಮ್ಮಪ್ಪನ ಹೆಸರು, ನನ್ನ ಕೈ. ಏನ್ ಮಾಡ್ಕೊತೀರೋ ಮಾಡ್ಕೊಳಿ."

"ಮಾಡೋದು ನಾನಲ್ಲ. ಮುಂದಿನ ಶುಕ್ರವಾರ ಹನ್ನೊಂದು ಗಂಟೆಗೆ ಕೇಂದ್ರ ಕಚೇರಿಯಿಂದ ತನಿಖೆಗೆ ಬರ್ತಾರೆ. ಇನ್ನೂರಕ್ಕಿಂತ ಕಡಿಮೆ ಕಾರ್ಡು ಇರೋ ಶಾಖೆಗಳನ್ನ ಮುಚ್ಚಿ ಬೇರೆ ಶಾಖೆಗೆ ಸೇರಿಸ್ತಾರೆ. ಜಾಮೀನುದಾರರು ತೀರಿಹೋದರೆ ಜಾಮೀನೂ ಮುಗೀತು. ಇಪ್ಪತ್ತಮೂರಲ್ಲ, ಅರವತ್ತೊಂದೂ ಹೋಗ್ತಾವೆ. ಉಳಿಯೋದು ನೂರ ಎಪ್ಪತ್ತು."

ಅವನ ಮುಖದ ಬಣ್ಣ ಇಳಿಯಿತು.

"ಅಂದ್ರೆ... ಲೈಬ್ರರಿ ಮುಚ್ಚೋಕೆ ಬಂದಿದ್ದೀರ ನೀವು."

"ಮುಚ್ಚಬಾರದು ಅಂತಾನೇ ಇಲ್ಲಿಗೆ ಬಂದಿದ್ದೀನಿ! ಆ ಅರವತ್ತೊಂದು ಜನ ನಿಜವಾಗಿ ಇದ್ದಾರಾ? ನಿಜವಾಗಿ ಓದ್ತಾರಾ? ನನಗೆ ಅವರನ್ನ ನೋಡಬೇಕು. ಒಬ್ಬೊಬ್ಬರನ್ನೂ."

"ನನ್ನ ಮಾತು ನಂಬಲ್ವಾ?"

"ಸತ್ತವರ ಸಹಿ ಹಾಕಿದವರ ಮಾತು ಹೇಗೆ ನಂಬಲಿ?"

ಆ ಮಾತು ಎಲ್ಲಿ ತಗುಲಬೇಕೋ ಅಲ್ಲಿಯೇ ತಗುಲಿತು. ಅವನು ಎಣ್ಣೆಬಟ್ಟೆಗೆ ಕೈ ಒರೆಸಿಕೊಂಡ.

"ಶನಿವಾರ ಸಂಜೆ ಆರೂವರೆಗೆ ಬನ್ನಿ. ಶಿಫ್ಟ್ ಮುಗಿಸಿ ಎಲ್ಲ ಬಂದಿರ್ತಾರೆ. ತೋರಿಸ್ತೀನಿ. ನೋಡಿ ಆದ್ಮೇಲೆ ಮತ್ತೆ ನನ್ನ ಮುಂದೆ ಬರಬೇಡಿ."

"ಬರೋ ಆಸೆ ನನಗೂ ಇಲ್ಲ."

*

ಗೋಪಾಲಪ್ಪ ಬಿಲ್ಡಿಂಗ್ ಎಂದರೆ ಮೂರು ಅಂತಸ್ತು, ನಲವತ್ತೆರಡು ಕೋಣೆ, ಪ್ರತಿ ಅಂತಸ್ತಿಗೂ ಒಂದು ಉದ್ದನೆಯ ಪಡಸಾಲೆ. ಸಂಜೆಯ ಹೊತ್ತಿಗೆ ಅಲ್ಲಿ ಆರು ಭಾಷೆಗಳ ಒಗ್ಗರಣೆ ಒಟ್ಟಿಗೆ ಸಿಡಿಯುತ್ತಿತ್ತು. ಮುನಿಕೃಷ್ಣ ಮೂರು ಹೆಜ್ಜೆ ಮುಂದೆ ನಡೆದ, ತಿರುಗಿಯೂ ನೋಡದೆ. ದೀಪಶ್ರೀ ಅರ್ಜಿಗಳ ಕಟ್ಟು ಹಿಡಿದು ಹಿಂದೆ ನಡೆದಳು.

ಎಲ್ಲರಿಗೂ ಅವಳದು ಒಂದೇ ಪ್ರಶ್ನೆ: ಕೊನೆಗೆ ತಗೊಂಡ ಪುಸ್ತಕ ಯಾವುದು, ಅದರಲ್ಲಿ ಏನಿತ್ತು?

ಏಳನೇ ಕೋಣೆಯ ಅನುಸೂಯಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಲೆಯ ಮುಂದೆ ನಿಂತೇ ಉತ್ತರಿಸಿದಳು. "ಒಂದು ದಪ್ಪ ಕಾದಂಬರಿ ಮೇಡಂ. ಆ ಗಂಡ ಸರಿ ಇಲ್ಲ, ಬಿಸಾಕೋಣ ಅಂದ್ಕೊಂಡೆ. ಆದ್ರೆ ಅವಳು ಏನ್ ಮಾಡ್ತಾಳೆ ಅಂತ ನೋಡ್ಬೇಕಲ್ಲ! ಇನ್ನೂ ಅರವತ್ತು ಪುಟ ಇತ್ತು. ದಿನ ಮುಗೀತು ಅಂತ ವಾಪಸ್ ಕೊಟ್ಟೆ, ಮತ್ತೆ ತಗೊಳ್ಳೋ ಅಷ್ಟರಲ್ಲಿ ನೀವು ಕಾರ್ಡ್ ನಿಲ್ಲಿಸಿಬಿಟ್ರಿ. ಅವಳು ಅವನನ್ನ ಬಿಟ್ಟಳಾ ಇಲ್ವಾ? ಅದನ್ನಾದ್ರೂ ಹೇಳಿ ಹೋಗಿ!"

ಹದಿನಾಲ್ಕನೇ ಕೋಣೆಯಲ್ಲಿ ಒಡಿಶಾದ ಬಲಂಗೀರ್‌ನಿಂದ ಬಂದ ವೆಲ್ಡರ್. ಅವನ ಬಳಿ ಇದ್ದದ್ದು ಮಕ್ಕಳ ಅಕ್ಷರಮಾಲೆ. "ಮೊದಲು ಬಸ್ಸು, ಕೇಳೋದು," ಎಂದ, ಒಂದೊಂದೇ ಪದ ಹುಡುಕುತ್ತ. "ಈಗ ಬಸ್ಸು ಬೋರ್ಡು, ಓದೋದು." ಹೇಳಿ ಮುಗಿಸಿದಾಗ ಅವನ ಮುಖ ಅರಳಿತ್ತು.

ಮೇಲಿನ ಅಂತಸ್ತಿನಲ್ಲಿ ಧರ್ಮಪುರಿಯ ಅಜ್ಜಿಯೊಬ್ಬರು ತಮಿಳು ವಾರಪತ್ರಿಕೆಗಳ ಹಳೆಯ ಸಂಪುಟ ಓದುತ್ತಿದ್ದರು. ಅವರು ಮುನಿಕೃಷ್ಣನನ್ನು ತಮಿಳಿನಲ್ಲಿ ತರಾಟೆಗೆ ತೆಗೆದುಕೊಂಡರು. ಇವನೂ ತಮಿಳಿನಲ್ಲೇ ತಲೆ ತಗ್ಗಿಸಿ ಏನೋ ಹೇಳಿದ.

"ಏನಂತೆ?" ಎಂದಳು ದೀಪಶ್ರೀ.

"ನಾಲ್ಕು ದಿನದಿಂದ ಪುಸ್ತಕ ಇಲ್ಲ, ಸೊಸೆ ಮುಖ ನೋಡ್ಕೊಂಡು ಕೂತಿದ್ದೀನಿ, ಇದಕ್ಕೆಲ್ಲ ಯಾರೋ ಒಬ್ಬಳು ಕಾರಣ ಅಂತೆ, ಅವಳ ಕೈ ಸೇದಿಹೋಗ ಅಂತಿದ್ದಾರೆ."

"ಅದು ನಾನೇ ಅಂತ ಹೇಳಿದ್ರಾ?"

"ಇಲ್ಲ. ವಯಸ್ಸಾದವರು, ಕೋಲು ಬೇರೆ ಇದೆ."

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. 'ಇವನ ಮುಂದೆ ನಗಬಾರದು...'

ಇಪ್ಪತ್ತೆರಡನೇ ಕೋಣೆಯಲ್ಲಿ ಒಂದೇ ಕಾರ್ಡಿನಲ್ಲಿ ನಾಲ್ವರು ಓದುತ್ತಿದ್ದರು. ಪಾಳಿಗೆ ತಕ್ಕಂತೆ ಸರದಿ.

"ಒಂದು ಕಾರ್ಡು ಒಬ್ಬರಿಗೆ ಮಾತ್ರ. ಇದು ನಿಯಮಕ್ಕೆ ವಿರುದ್ಧ," ಎಂದಳು.

"ಬರ್ಕೊಳ್ಳಿ, ಬರ್ಕೊಳ್ಳಿ. ನಾಲ್ಕು ಜನ ಓದಿದ್ರೆ ಅಕ್ಷರ ಸವೆದು ಹೋಗ್ತಾವಲ್ಲ," ಎಂದ ಮುನಿಕೃಷ್ಣ.

"ಜಾಸ್ತಿ ಮಾತಾಡ್ತೀರ ನೀವು."

"ನೀವು ಜಾಸ್ತಿ ಬರೀತೀರ."

ಭಾನುವಾರ ಎರಡನೇ ಅಂತಸ್ತಿನಲ್ಲಿ ಒಂದು ಸಂಸಾರ ಮನೆ ಖಾಲಿ ಮಾಡುತ್ತಿತ್ತು. ಕೆಳಗೆ ಟೆಂಪೋ ಕಾಯುತ್ತಿತ್ತು. ಮುನಿಕೃಷ್ಣ ಒಳಗೆ ಹೋಗಿ ಫ್ಯಾನ್ ಹಾಕಿ ನೋಡಿದ, ಬಲ್ಬ್ ಹಾಕಿ ನೋಡಿದ. ಆಮೇಲೆ ಕಟ್ಟಿಟ್ಟ ಗೋಣಿಚೀಲದ ಬಾಯಿ ಬಿಚ್ಚಿ, ಪಾತ್ರೆಗಳ ನಡುವೆ ಕೈ ಹಾಕಿ, ಒಂದು ಪುಸ್ತಕ ಎಳೆದ. ಗ್ರಂಥಾಲಯದ ಮೊಹರಿನದು.

"ಮರೆತಿದ್ವಣ್ಣ..." ಎಂದಳು ಆ ಮನೆಯಾಕೆ.

"ಗೊತ್ತು ಬಿಡಕ್ಕ. ಎಲ್ಲರೂ ಮರೀತಾರೆ." ಅವನು ದೀಪಶ್ರೀಯ ಕೈಗೆ ಪುಸ್ತಕ ಕೊಟ್ಟ. "ಖಾಲಿ ಮಾಡೋರು ಯಾರೇ ಇರಲಿ. ಫ್ಯಾನು, ಬಲ್ಬು, ಲೈಬ್ರರಿ ಬುಕ್ಕು. ಮೂರೂ ನೋಡದೆ ಟೆಂಪೋ ಹೊರಡೋಕೆ ಬಿಡಲ್ಲ. ಅಪ್ಪ ಮಾಡಿದ್ದ ಪದ್ಧತಿ."

"ನೋಡೋ ಮುಂಚೆ ಹೊರಟುಹೋದ್ರೆ?"

"ಒಬ್ಬ ಹಂಗೇ ರಾಯಚೂರಿಗೆ ಹೋಗ್ಬಿಟ್ಟ. ದಿನಾ ಎರಡು ಸಲ ಫೋನ್ ಮಾಡ್ದೆ. ಒಂಬತ್ತನೇ ದಿನ ಬಸ್ ಪಾರ್ಸಲ್ಲಲ್ಲಿ ಕಳಿಸ್ದ."

ಅವಳು ಅದನ್ನೂ ಬರೆದುಕೊಂಡಳು. ಆದರೆ ಪೆನ್ನು ಹಿಡಿದ ಬೆರಳು ಯಾಕೋ ನಿಧಾನವಾಯಿತು.

*

ಸೋಮವಾರ ರಜೆ. ಮಂಗಳವಾರ ಸಂಜೆ ಕೊನೆಯ ಕೋಣೆ ಮುಗಿಯಿತು. ಅರವತ್ತೊಂದರಲ್ಲಿ ಒಂಬತ್ತು ಜನ ಊರು ಬಿಟ್ಟಿದ್ದರು. ಒಂಬತ್ತೂ ಪುಸ್ತಕ ವಾಪಸ್ ಬಂದಿತ್ತು. ಉಳಿದ ಐವತ್ತೆರಡು ಜನರೂ ಇದ್ದರು, ಓದುತ್ತಿದ್ದರು.

ತಾರಸಿಯ ನೀರಿನ ಟ್ಯಾಂಕಿನ ಪಕ್ಕ ದೀಪಶ್ರೀ ಲೆಕ್ಕ ತಾಳೆ ನೋಡುತ್ತಿದ್ದಳು. ಮುನಿಕೃಷ್ಣ ಎರಡು ಲೋಟ ಟೀ ತಂದು ಒಂದನ್ನು ಅವಳ ಪಕ್ಕದಲ್ಲಿ, ಸ್ವಲ್ಪ ಜೋರಾಗಿಯೇ, ಇಟ್ಟ.

"ಬಿಲ್ಡಿಂಗ್ ಖಾತೆ ನಿಮ್ಮ ಹೆಸರಿಗೆ ಯಾಕೆ ಮಾಡಿಸಿಲ್ಲ?" ಎಂದು ಕೇಳಿದಳು. "ನಿಮ್ಮ ಹೆಸರಲ್ಲಿದ್ದಿದ್ರೆ ನೀವೇ ಜಾಮೀನು ಹಾಕಬಹುದಿತ್ತು. ಈ ಸುಳ್ಳು ಬೇಕಿರಲಿಲ್ಲ."

ಅವನು ತನ್ನ ಲೋಟ ಕೈಗೆತ್ತಿಕೊಂಡ.

"ಖಾತೆ ಬದಲಾಗಬೇಕಾದ್ರೆ ಅಮ್ಮ ಅರ್ಜಿಗೆ ಸಹಿ ಮಾಡ್ಬೇಕು. ಮರಣ ಪತ್ರ ಲಗತ್ತಿಸಬೇಕು. ಮಾಡಲ್ಲ ಅಂತಾಳೆ. ಪ್ರತಿ ತಿಂಗಳು ಕರೆಂಟ್ ಬಿಲ್ ಬಂದಾಗ ಅಪ್ಪನ ಹೆಸರು ಇದೆಯಾ ಅಂತ ಕೇಳ್ತಾಳೆ ಮೇಡಂ. ಇದೆ ಅಂದ್ರೆ ಸಾಕು, ಒಳಗೆ ಹೋಗ್ತಾಳೆ. ಅಂಥವಳ ಕೈಯಿಂದ ನಾನು ಹೆಂಗೆ ಹೊಡೆದು ಹಾಕಿಸಲಿ ಆ ಹೆಸರನ್ನ?"

ದೀಪಶ್ರೀ ಲೆಕ್ಕದ ಹಾಳೆ ಮಡಚಿದಳು. ಆ ಹೆಸರನ್ನು ಬೋರ್ಡಿನ ಮೇಲೆ ಬರೆದು 'ಹಾಜರಾಗಬೇಕು' ಎಂದು ಕರೆದದ್ದು ತಾನೇ...

"ನೀವು ಯಾರನ್ನೂ ನಂಬಲ್ವಾ?" ಎಂದು ಕೇಳಿದ ಅವನು. ಈ ಸಲ ದನಿಯಲ್ಲಿ ಮೊನಚು ಇರಲಿಲ್ಲ.

"ನಂಬಿದ್ದೆ." ಹಳೆಯ ಶಾಖೆಯ ಕಥೆಯನ್ನು ನಾಲ್ಕು ವಾಕ್ಯದಲ್ಲಿ ಹೇಳಿದಳು. ಅಲ್ಲಿಂದೀಚೆಗೆ ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

"ಟೀ ಕುಡೀರಿ. ಆರುತ್ತೆ," ಎಂದ ಅವನು. "ನಾಳೆಯಿಂದ ಮತ್ತೆ ಜಗಳ ಆಡೋಣ. ಇವತ್ತಿಗೆ ಸಾಕು."

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಆ ಮಾತನ್ನು ಎಷ್ಟು ಸಲ ನೆನೆದಳೋ!

*

ಗುರುವಾರ ಮಧ್ಯಾಹ್ನ ದೀಪಶ್ರೀ ವರದಿ ಬರೆಯಲು ಕೂತಳು. ಮೊದಲ ಪುಟ ಮುದ್ರಿಸಿ ಮೇಜಿನ ಮೇಲಿಟ್ಟು ಊಟಕ್ಕೆ ಎದ್ದಳು.

ಬಸು ಅದನ್ನು ಓದಿದ. '23 ಅರ್ಜಿಗಳ ಮೇಲಿನ ಸಹಿ ಗೋಪಾಲಪ್ಪನವರ ಮರಣದ ನಂತರದ್ದು. ಅವನ್ನು ತಾನೇ ಮಾಡಿದ್ದಾಗಿ ಅವರ ಮಗ ಮುನಿಕೃಷ್ಣ ಒಪ್ಪಿಕೊಂಡಿದ್ದಾರೆ. ಈ ಶಾಖೆಯ ಸಿಬ್ಬಂದಿಗೆ ಇದು ತಿಳಿದಿತ್ತು.' ಬಸುವಿನ ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಮೊಬೈಲಿನಲ್ಲಿ ಫೋಟೋ ತೆಗೆದು ಮುನಿಕೃಷ್ಣನಿಗೆ ಕಳಿಸಿದ: 'ನೋಡಣ್ಣ, ಇಬ್ಬರನ್ನೂ ಮುಗಿಸಿದಳು.'

ಎರಡನೇ ಪುಟವನ್ನು ಅವಳು ಊಟ ಮುಗಿಸಿ ಬಂದ ಮೇಲೆ ಬರೆದಳು. ಅದು ಯಾರ ಮೊಬೈಲಿಗೂ ಹೋಗಲಿಲ್ಲ.

ಶುಕ್ರವಾರ ಬೆಳಗ್ಗೆ ಹತ್ತೂಮುಕ್ಕಾಲು. ಹೊರಗೆ ಗದ್ದಲ. ದೀಪಶ್ರೀ ತಲೆ ಎತ್ತುವಷ್ಟರಲ್ಲಿ ಕೋಣೆ ತುಂಬಿಹೋಗಿತ್ತು. ಅನುಸೂಯಮ್ಮ, ಬಲಂಗೀರ್‌ನ ವೆಲ್ಡರ್, ಕೋಲೂರಿಕೊಂಡ ಧರ್ಮಪುರಿಯ ಅಜ್ಜಿ... ಪಾಳಿ ತಪ್ಪಿಸಿ ಬಂದವರು, ಯೂನಿಫಾರ್ಮಿನಲ್ಲೇ ಬಂದವರು. ಎಲ್ಲರ ಮುಂದೆ ಮುನಿಕೃಷ್ಣ. ಹಿಂದೆ ನಾಗಲಕ್ಷ್ಮಮ್ಮ.

ಅವನು ಕಾರ್ಡುಗಳ ಕಟ್ಟನ್ನು ಮೇಜಿನ ಮೇಲೆ ಒಗೆದ.

"ಐವತ್ತೆರಡು. ಎಣಿಸ್ಕೊಳ್ಳಿ. ಎಣಿಸೋದು ನಿಮಗೆ ತುಂಬಾ ಇಷ್ಟ ಅಲ್ವಾ?"

"ಏನಿದು?"

"ನಮಗೆ ನಿಮ್ಮ ಲೈಬ್ರರಿ ಬೇಡ. ಪುಸ್ತಕನೂ ತಂದಿದ್ದೀವಿ. ನಮ್ಮಪ್ಪನ ಹೆಸರನ್ನ ಮೊದಲು ಬೋರ್ಡಿಗೆ ಹಾಕಿದ್ರಿ. ಈಗ ಫೈಲಿಗೆ ಹಾಕ್ತಿದ್ದೀರ. ನಮ್ಮ ತಾರಸಿ ಮೇಲೆ ಕೂತು ಟೀ ಕುಡಿದು, ನನ್ನ ಬಾಯಿಂದ ಎಲ್ಲ ತೆಗೆಸಿ..." ಅವನ ದನಿ ಒಡೆಯಿತು. "ನನ್ನ ಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ. ನಂಬಿಸಿ ಬರೆದ್ರಲ್ಲ, ಅದು!"

"ಮುನಿಕೃಷ್ಣ ಅವರೇ, ಹದಿನೈದು ನಿಮಿಷದಲ್ಲಿ ಅಧಿಕಾರಿ ಬರ್ತಾರೆ. ಈ ಕಾರ್ಡು ಇಲ್ಲಿ ಬಿದ್ದಿದ್ರೆ ಶಾಖೆ ಮುಚ್ಚಿಹೋಗುತ್ತೆ!"

"ಮುಚ್ಚಲಿ!"

"ಎರಡನೇ ಪುಟ ಓದಿದ್ದೀರಾ?"

"ಯಾವ ಎರಡನೇ ಪುಟ?"

ದೀಪಶ್ರೀ ಬಸುವಿನ ಕಡೆ ನೋಡಿದಳು. ಬಸು ಕಪಾಟಿನ ಹಿಂದೆ ಸರಿದ. ಅವಳಿಗೆ ಎಲ್ಲ ಅರ್ಥವಾಯಿತು. ಫೈಲಿನಿಂದ ಹಾಳೆ ತೆಗೆದು ಚಾಚಿದಳು.

"ಓದಿ."

"ನಾನು ಮುಟ್ಟಲ್ಲ."

"ಕೊಡ್ರಿ ಮೇಡಂ, ನಾ ಓದ್ತೀನಿ." ಗುಂಪಿನಿಂದ ಮುರಿಗೆಪ್ಪ ಮುಂದೆ ಬಂದ. ಗದಗದ ಕಡೆಯವನು, ಹಗಲು ಸಿಎನ್‌ಸಿ ಮೆಷಿನ್ ಆಪರೇಟರ್, ಸಂಜೆ ಇಲ್ಲಿ ಕೂತು ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವವನು. ಕೆಮ್ಮಿ, ಗಟ್ಟಿಯಾಗಿ ಓದತೊಡಗಿದ.

"'ಈ 61 ಓದುಗರಿಂದ ಹದಿನಾಲ್ಕು ತಿಂಗಳಲ್ಲಿ ಬಾರದೇ ಹೋದ ಪುಸ್ತಕ ಒಂದೂ ಇಲ್ಲ. ಇದೇ ಅವಧಿಯಲ್ಲಿ ಶಾಖೆಯ ಉಳಿದ 170 ಸದಸ್ಯರಿಂದ ಬಾರದ ಪುಸ್ತಕ 17. ಊರು ಬಿಟ್ಟ ಒಂಬತ್ತು ಜನರ ಪುಸ್ತಕಗಳನ್ನು ಮುನಿಕೃಷ್ಣ ಅವರೇ ಮುಂದೆ ನಿಂತು ವಾಪಸ್ ಕೊಡಿಸಿದ್ದಾರೆ. ಅವರು ಹಾಕಿದ ಹೆಸರು ತಪ್ಪು. ಆದರೆ ಆ ಜಾಮೀನಿನ ಹೊಣೆಯನ್ನು ಅವರು ಒಂದು ದಿನವೂ ತಪ್ಪಿಸಿಕೊಂಡಿಲ್ಲ.'"

ಮುರಿಗೆಪ್ಪ ತಲೆ ಎತ್ತಿದ. "ಇನ್ನೂ ಐತ್ರಿ."

"ಓದು," ಎಂದರು ನಾಗಲಕ್ಷ್ಮಮ್ಮ.

"'ಮೃತರನ್ನು ಖುದ್ದು ಹಾಜರಾಗುವಂತೆ ನೋಟಿಸ್ ಹಾಕಿದ್ದು ನಾನು. ವಿಚಾರಿಸದೆ ಬರೆದದ್ದು ನನ್ನ ಕರ್ತವ್ಯಲೋಪ. ಇದನ್ನು ನನ್ನ ಸೇವಾ ದಾಖಲೆಯಲ್ಲಿ ನಮೂದಿಸಬಹುದು. ಸದ್ಯ ಇರುವ 52 ಓದುಗರನ್ನು ಅವರ ಮನೆಗಳಲ್ಲೇ ಕಂಡು ಮಾತನಾಡಿದ್ದೇನೆ. ಕಾಯಂ ಸರ್ಕಾರಿ ನೌಕರಳಾಗಿ, ಈ 52 ಜನರಿಗೂ ನಾನೇ ಜಾಮೀನು ಹಾಕಿದ್ದೇನೆ. ಅರ್ಜಿಗಳನ್ನು ಲಗತ್ತಿಸಿದೆ.'"

ಅನುಸೂಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮುನಿಕೃಷ್ಣ ಒಂದು ಅರ್ಜಿ ಎತ್ತಿ ನೋಡಿದ. ಜಾಮೀನುದಾರರ ಜಾಗದಲ್ಲಿ ಅವಳ ಸಹಿ. ಇನ್ನೊಂದು. ಮತ್ತೊಂದು...

"ಯಾರನ್ನೂ ನಂಬಲ್ಲ ಅಂದ್ರಿ," ಎಂದ, ಕೇಳಿಸದಷ್ಟು ಮೆತ್ತಗೆ.

"ನೋಡದೆ ನಂಬಲ್ಲ ಅಷ್ಟೇ." ಅವಳ ಕಣ್ಣಲ್ಲಿ ನೀರಿತ್ತು; ದನಿಯಲ್ಲಿ ಇನ್ನೂ ಕೋಪ. "ಕಾರ್ಡು ಎತ್ಕೊಳ್ಳಿ ಮೊದಲು!"

ಅಧಿಕಾರಿ ಶಿವಶಂಕರ್ ಒಳಗೆ ಬಂದಾಗ ಕೋಣೆಯ ತುಂಬ ಜನ ತಂತಮ್ಮ ಕಾರ್ಡು ಹುಡುಕಿಕೊಳ್ಳುತ್ತಿದ್ದರು. "ಏನ್ರೀ ಇದು, ರೇಷನ್ ಅಂಗಡಿ ಆಗಿದೆ!" ಎಂದರು ಅವರು. ಆಮೇಲೆ ಕೂತು ವರದಿಯನ್ನು ಎರಡು ಸಲ ಓದಿದರು.

"ಐವತ್ತೆರಡು ಜನಕ್ಕೆ ನೀವೊಬ್ಬರೇ ಜಾಮೀನಾ? ಬೇಡ ಅಂತ ನಿಯಮದಲ್ಲಿಲ್ಲ, ನಿಜ. ಆದ್ರೆ ಇಲ್ಲಿಂದ ವರ್ಗ ಆದ್ರೂ ಇದು ನಿಮ್ಮ ಬೆನ್ನ ಹಿಂದೇ ಬರುತ್ತೆ ಕಣಮ್ಮ."

"ಗೊತ್ತು ಸಾರ್."

"ಇನ್ನೂರ ಇಪ್ಪತ್ತೆರಡು ಕಾರ್ಡು ಅಂತ ಬರ್ಕೊಳ್ತೀನಿ. ಮೂರು ತಿಂಗಳೊಳಗೆ ಸರಿಯಾದ ಜಾಮೀನುದಾರರನ್ನ ತನ್ನಿ. ಮುನಿಕೃಷ್ಣ ಅವರೇ, ಆ ಸಹಿ ವಿಷಯಕ್ಕೆ ಮೇಲಿನವರಿಂದ ನಿಮಗೆ ಪತ್ರ ಬರುತ್ತೆ. ಬಸುಗೂ ಬರುತ್ತೆ. ಉತ್ತರ ಕೊಡಬೇಕು."

ಅವರು ಹೊರಟ ಮೇಲೂ ನಾಗಲಕ್ಷ್ಮಮ್ಮ ಅಲ್ಲೇ ನಿಂತಿದ್ದರು. ದೀಪಶ್ರೀಯ ಕೆನ್ನೆ ಮುಟ್ಟಿದರು.

"ನಿನ್ ನೋಟಿಸು ಬೋರ್ಡಿಗೆ ಆಕಿದ್ದಾರೆ ಅಂದಾಗ ಒಂದ್ ಗಳಿಗೆ... ಬದುಕವ್ರೇನೋ, ಕರ್ದ್ರೆ ಬತ್ತಾರೇನೋ ಅನ್ನಿಸ್ಬಿಡ್ತವ್ವ. ಅಂಗೆ ಅನ್ನಿಸ್ಬಾರ್ದು. ನಂಗೂ ವಯಸ್ಸಾಯ್ತು." ಮಗನ ಕಡೆ ತಿರುಗಿದರು. "ಆ ಖಾತೆ ಕಾಗ್ದ ತತ್ತಾ. ಸೈನ್ ಆಕ್ತೀನಿ."

*

ಖಾತೆ ಬದಲಾಗಲು ಹತ್ತು ವಾರ ಹಿಡಿಯಿತು. ಆ ಹತ್ತು ವಾರವೂ ಮುನಿಕೃಷ್ಣ ಯಾವುದಾದರೂ ನೆಪದಲ್ಲಿ ಗ್ರಂಥಾಲಯಕ್ಕೆ ಬಂದ. ಬಂದಾಗಲೆಲ್ಲ ಅವರು ಜಗಳವಾಡಿದರು. ಉರ್ದು ಕಪಾಟು ಯಾಕೆ ಮೂಲೆಯಲ್ಲಿದೆ ಎಂದು ಒಮ್ಮೆ. ಪಾಳಿ ಬಿಡುವ ಹೊತ್ತಿಗೆ ಫ್ಯಾನು ಯಾಕೆ ಆರಿಸುತ್ತೀರಿ ಎಂದು ಇನ್ನೊಮ್ಮೆ. ಒಂದು ವಾರ ಮಾತ್ರ ಅವನು ಬರಲಿಲ್ಲ. ಆ ವಾರ ದೀಪಶ್ರೀ ಒಂದೇ ಪುಸ್ತಕವನ್ನು ಎರಡು ಸಲ ದಾಖಲಿಸಿದಳು.

ಕೊನೆಗೆ ಒಂದು ಬುಧವಾರ ಮಧ್ಯಾಹ್ನ ಅವನು ಹೊಸ ಖಾತೆಯ ಪ್ರತಿ ತಂದು ಮೇಜಿನ ಮೇಲಿಟ್ಟ. ಐವತ್ತೆರಡರಲ್ಲಿ ಆಗ ಉಳಿದಿದ್ದವರು ನಲವತ್ತೇಳು. ದೀಪಶ್ರೀ ಒಂದೊಂದೇ ಅರ್ಜಿ ತಿರುವಿ ಮುಂದಿಟ್ಟಳು. ಅವನು ಒಂದೊಂದಕ್ಕೇ ಸಹಿ ಹಾಕಿದ. ಮುನಿಕೃಷ್ಣ ಜಿ. ಅವನದೇ ಹೆಸರು.

ಹತ್ತೊಂಬತ್ತು ಆದ ಮೇಲೆ ಪೆನ್ನು ನಿಂತಿತು.

"ಏನಾಯ್ತು?"

"ಒಂದು ಮಾತು."

"ಸಹಿ ಮಾಡ್ತಾ ಹೇಳಿ. ಶಿಫ್ಟ್ ಬಿಟ್ಟರೆ ಜನ ಬರ್ತಾರೆ."

"ಇದು ಸಹಿ ಮಾಡ್ತಾ ಹೇಳೋ ಮಾತಲ್ಲ ಮೇಡಂ." ಅವನು ಪೆನ್ನು ಕೆಳಗಿಟ್ಟ. "ನಿಮ್ಮ ಜೊತೆ ಜಗಳ ಆಡದ ದಿನ ನನಗೆ ಊಟ ಸೇರಲ್ಲ. ಮೊದಲು ಕೋಪ ಅಂದ್ಕೊಂಡಿದ್ದೆ. ಅಲ್ಲ. ಹೋದ ವಾರ ಬೇಕಂತಲೇ ಬರಲಿಲ್ಲ, ನೋಡೋಣ ಅಂತ. ನಾಲ್ಕನೇ ದಿನಕ್ಕೇ ಲೇತ್ ಮೇಲೆ ಒಂದು ಇಡೀ ಬ್ಯಾಚ್ ಹಾಳು ಮಾಡ್ಬಿಟ್ಟೆ. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ನೀವು ಒಪ್ಪಿದ್ರೆ... ಒಪ್ಪದಿದ್ರೂ ಸಹಿ ಪೂರ್ತಿ ಮಾಡಿಯೇ ಹೋಗ್ತೀನಿ."

ದೀಪಶ್ರೀ ಮುಂದಿದ್ದ ಅರ್ಜಿಯನ್ನೇ ನೋಡಿದಳು. ಅಕ್ಷರಗಳೆಲ್ಲ ಕಲಸಿಹೋಗಿದ್ದವು. 'ನಗಬೇಕೋ ಅಳಬೇಕೋ... ಈ ಮನುಷ್ಯ ಇದನ್ನೂ ಜಗಳದ ದನಿಯಲ್ಲೇ ಹೇಳ್ತಾನಲ್ಲ!'

"ನಾನು ತಿರುಗಿ ಜಗಳ ಆಡ್ತೀನಿ. ಮದುವೆ ಆದ ಮೇಲೂ," ಎಂದಳು.

"ಆಡಿ."

"ನನ್ನ ಜೊತೆ ನಮ್ಮಮ್ಮ ಇರ್ತಾರೆ. ಬಿಟ್ಟು ಬರಲ್ಲ."

"ಕರ್ಕೊಂಡು ಬನ್ನಿ. ನಮ್ಮಮ್ಮನಿಗೂ ಬೈಯೋಕೆ ಒಬ್ಬರು ಬೇಕು."

ಅವಳು ನಕ್ಕುಬಿಟ್ಟಳು. ಈ ಸಲ ತುಟಿ ಕಚ್ಚಲಿಲ್ಲ.

"ಮೇಡಂ... ಹಾಗಾದ್ರೆ..."

"ದೀಪಶ್ರೀ ಅನ್ನಿ."

"ದೀಪಶ್ರೀ..." ಅವನು ಇನ್ನೊಮ್ಮೆ ಹೇಳಿ ನೋಡಿದ, ಮೆಲ್ಲಗೆ. "ಹಾಗಾದ್ರೆ ಹೂಂ ಅಂತಾನಾ?"

"ಹೂಂ." ಅವಳು ಪೆನ್ನನ್ನು ಅವನ ಬೆರಳುಗಳ ನಡುವೆ ಇಟ್ಟಳು. ಇಟ್ಟ ಕೈಯನ್ನು ತಕ್ಷಣ ಹಿಂದಕ್ಕೆ ತೆಗೆಯಲಿಲ್ಲ. "ಇನ್ನೂ ಇಪ್ಪತ್ತೆಂಟು ಇದೆ. ಮುಗಿಸಿ."

"ಕೈ ಬಿಟ್ಟರೆ ತಾನೇ ಮುಗಿಸೋದು?"

"ನಿಧಾನಕ್ಕೆ ಮುಗಿಸಿ," ಎಂದಳು ದೀಪಶ್ರೀ.